ಅರ್ನೆಸ್ಟೀನ್ ಆಂಟಿಯ ಮಂಗಳವಾರಗಳು

ಕಾರು ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್‌ನ ರೌಂಡ್‌ಅಬೌಟ್ ಸುತ್ತುತ್ತಿದ್ದಾಗ ಅರುಂಧತಿ, ಅರ್ನೆಸ್ಟೀನ್ ಆಂಟಿಯ ಅಂತ್ಯಕ್ರಿಯೆಯಲ್ಲಿ ಓದಬೇಕಿದ್ದ ಹಾಳೆಯ ಕೊನೆಯ ಮೂರು ಸಾಲುಗಳನ್ನು ಹೊಡೆದುಹಾಕಿದಳು. ಗೋಪೀನಾಥ ರಸ್ತೆಯಿಂದ ಕಣ್ಣು ತೆಗೆಯದೆ ಗಂಡಂದಿರ ಆ ಸಣ್ಣ ದನಿಯಲ್ಲಿ ಕೇಳಿದ.

"ಆಸ್ಪತ್ರೆ ವಿಷಯ ಹೇಳ್ತೀಯಾ?"

"ಅದನ್ನ ಬಿಟ್ಟು ಆಂಟಿ ಬಗ್ಗೆ ಏನು ಹೇಳ್ಲಿ? ಕೇಕ್ ಚೆನ್ನಾಗಿ ಮಾಡ್ತಿದ್ರು ಅಂತಾನಾ?"

"ಹಾಗಲ್ಲ. ಚಂದ್ರಶೇಖರ್ ಫ್ಯಾಮಿಲಿ ಬರುತ್ತೆ. ಕನ್ನಡ ಸಂಘದವರೆಲ್ಲ ಬರ್ತಾರೆ."

"ನಿಮ್ಮ ಹೆಸರು ಎತ್ತಲ್ಲ ರೀ."

ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಆದ್ಯಾ ಕಪ್ಪು ಫ್ರಾಕು ಹಾಕಿಕೊಂಡು ನಿದ್ದೆ ಹೋಗಿದ್ದಳು.

ರಿವರ್‌ಸ್ಟೋನ್‌ನ ಚರ್ಚಿನ ಅಂಗಳದಲ್ಲಿ, ಮೆಲ್ಬರ್ನ್‌ನಿಂದ ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು ಬಂದ ಹೆಂಗಸರು ಊದಿದ ಕಾಲುಗಳನ್ನು ನೀವಿಕೊಳ್ಳುತ್ತಿದ್ದರು. ಹೆಚ್ಚಿನವರು ಸುಡಾನ್, ಸೊಮಾಲಿಯಾ ಕಡೆಯವರು. ಅರ್ನೆಸ್ಟೀನರ ಮಗಳು ಡಿಲೋರಿಸ್ ಬಂದು ಅರುಂಧತಿಯ ಕೈ ಹಿಡಿದಳು.

"ಪಾದ್ರಿಗಳ ಮಾತು ಮುಗಿದ ಮೇಲೆ ನೀನೇ ಮಾತಾಡಬೇಕು. ಅಮ್ಮ ಬರೆದಿಟ್ಟಿದ್ದಾಳೆ," ಎಂದಳು.

*

ಐದು ವರ್ಷದ ಹಿಂದೆ, ಸಿಡ್ನಿಗೆ ಬಂದು ಇನ್ನೂ ವರ್ಷ ತುಂಬದ ಅರುಂಧತಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ತುಮಕೂರಿನಲ್ಲಿ ಒಂದು ಬಸಿರು ಇಳಿದಿತ್ತು, ಇಲ್ಲಿ ಎರಡನೆಯದು. ಮಾರನೆಯ ದಿನ ಹೊಟ್ಟೆ ಸ್ವಚ್ಛಮಾಡುವಾಗಲೇ ಇನ್ನೊಂದು ಸಣ್ಣ ಆಪರೇಷನ್ ಕೂಡ ಮುಗಿಸಿಬಿಡೋಣ ಎಂದು ಡಾಕ್ಟರು ಸೂಚಿಸಿ, ಐದು ಪುಟದ ಫಾರ್ಮ್ ಬಿಟ್ಟುಹೋಗಿದ್ದರು. ಕನ್ನಡ ಮೀಡಿಯಮ್ಮಿನಲ್ಲಿ ಬಿಎ ಮಾಡಿದವಳಿಗೆ ಆ ಇಂಗ್ಲಿಷು ಎಟುಕಲಿಲ್ಲ.

"ಡಾಕ್ಟರ್ ಹೇಳಿದ್ಮೇಲೆ ಮುಗೀತು. ಸೈನ್ ಮಾಡು ಅರು. ನೀನು ಉಳಿದ್ರೆ ಸಾಕು," ಎಂದ ಗೋಪೀನಾಥ. ಎರಡು ದಿನದಿಂದ ಅವನು ಊಟ ಮಾಡಿರಲಿಲ್ಲ.

ಒಗೆದ ಬೆಡ್‌ಶೀಟುಗಳ ಗಾಡಿ ತಳ್ಳಿಕೊಂಡು ಬಂದ ಕಪ್ಪು ಹೆಂಗಸು ಬಾಗಿಲಲ್ಲೇ ನಿಂತರು. ಅವರೇ ಅರ್ನೆಸ್ಟೀನ್; ಅರವತ್ತೈದರ ವಯಸ್ಸು, ಆಸ್ಪತ್ರೆಯ ಲಾಂಡ್ರಿ ಕೆಲಸ. ಪೆನ್ನು ಹಿಡಿದ ಅರುಂಧತಿಯನ್ನು ನೋಡಿ ಕೇಳಿದರು: "ಅದರಲ್ಲಿ ಏನಿದೆ ಮಗೂ? ನಿನ್ನ ಮಾತಲ್ಲೇ ಹೇಳು."

ಅರುಂಧತಿ ಪುಟ ತಿರುವಿದಳು, ಮತ್ತೆ ಮೊದಲ ಪುಟಕ್ಕೇ ಬಂದಳು.

"ಹಾಗಾದ್ರೆ ಪೆನ್ನು ಕೆಳಗಿಡು."

ಅವರು ಗಾಡಿಯನ್ನು ಅಲ್ಲೇ ಬಿಟ್ಟು ನರ್ಸಮ್ಮನ ಬಳಿ ಹೋಗಿ, ದುಭಾಷಿ ಬರುವವರೆಗೆ ಕದಲುವುದಿಲ್ಲವೆಂದು ಕೂತರು. ಒಂದು ಗಂಟೆಯ ಮೇಲೆ ಫೋನಿನಲ್ಲಿ ಒಂದು ಕನ್ನಡ ದನಿ ಸಿಕ್ಕಿತು. ಆ ದನಿ ಮೂರನೆಯ ಪುಟದಲ್ಲಿ ತಡೆಯಿತು: "ಇನ್ನು ಮುಂದೆ ನಿಮಗೆ ಮಕ್ಕಳಾಗೋದಿಲ್ಲ ಅಂತ ಇದರರ್ಥ, ತಾಯಿ. ನಿಮಗೆ ಗೊತ್ತಿತ್ತಾ?"

ಗೋಪೀನಾಥ ಫಾರ್ಮ್ ಎತ್ತಿಕೊಂಡು ಮೊದಲ ಬಾರಿಗೆ ಮೂರನೆಯ ಪುಟ ತೆರೆದ.

*

ಅರ್ನೆಸ್ಟೀನ್ ಹುಟ್ಟಿದ್ದು ಅಮೆರಿಕದ ಮಿಸಿಸಿಪ್ಪಿಯಲ್ಲಿ. ಅವರ ಅಕ್ಕ ಹತ್ತೊಂಬತ್ತನೆಯ ವಯಸ್ಸಿಗೆ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದವಳು, ವಾಸಿಯಾಗಿ ಬಂದಳು, ಮದುವೆಯಾದಳು. ಮಕ್ಕಳೇಕೆ ಆಗುತ್ತಿಲ್ಲವೆಂಬುದು ಆರು ವರ್ಷದ ಮೇಲೆ ತಿಳಿಯಿತು. ಆಸ್ಪತ್ರೆಯಲ್ಲಿ ಮಕ್ಕಳಾಗದಂತೆ ಆಪರೇಷನ್ ಮಾಡಿಬಿಟ್ಟಿದ್ದರು; ಯಾರೂ ಅವಳನ್ನು ಕೇಳಿರಲಿಲ್ಲ. ಅಂದಿನಿಂದ ಅರ್ನೆಸ್ಟೀನ್ ತಮ್ಮ ಊರಿನ ಹೆಂಗಸರನ್ನು ಚರ್ಚಿನ ಅಡುಗೆಮನೆಯಲ್ಲಿ ಕೂಡಿಸತೊಡಗಿದರು. ರೈಲ್ವೆ ಮೆಕ್ಯಾನಿಕ್ ಒಬ್ಬರನ್ನು ಮದುವೆಯಾಗಿ ಸಿಡ್ನಿಗೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಪ್ರತಿ ಮಂಗಳವಾರ ಅವರ ಗರಾಜಿನಲ್ಲಿ ಹೆಂಗಸರು ಸೇರಿ ತಮ್ಮ ಆಸ್ಪತ್ರೆ ಕಾಗದಗಳನ್ನು ಒಟ್ಟಿಗೆ ಓದುತ್ತಿದ್ದರು. ಮಿಸಿಸಿಪ್ಪಿಯ ಹಳೆಯ ಗೆಳತಿಯರು ಫೋನಿನಲ್ಲೇ ಸೇರಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಇವರು ಮೆಲ್ಬರ್ನ್‌ಗೆ ಹೋಗಿ ಅಲ್ಲಿನ ಹೆಂಗಸರೊಂದಿಗೂ ಹೀಗೇ ಕೂತು ಓದುತ್ತಿದ್ದರು.

ಮಗು ಬೇಡವೆಂದು ಅಳುತ್ತ ಬಂದ ನೇಪಾಳದ ಹುಡುಗಿಯನ್ನು ಆಂಟಿ ತಾವೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಅರುಂಧತಿಗೆ ಸಿಟ್ಟು ಬಂದಿತ್ತು. ಆಗ ಅರುಂಧತಿಯೇ ಆರು ತಿಂಗಳ ಬಸುರಿ, ಹೊಟ್ಟೆಯಲ್ಲಿ ಆದ್ಯಾ.

"ನನಗೆ ಬೇಕು ಅಂತ ಜಗಳ ಆಡಿದ್ರಿ. ಇವಳಿಗೆ ಮಾತ್ರ ಬೇಡ ಅಂತೀರಲ್ಲ?"

"ನಾನು ಏನೂ ಅನ್ನಲಿಲ್ಲ ಮಗೂ. ನಿನ್ನನ್ನ ಕೇಳಿದೆ. ಅವಳನ್ನೂ ಕೇಳಿದೆ."

ಅರುಂಧತಿ ಎರಡು ಮಂಗಳವಾರ ಹೋಗಲಿಲ್ಲ. ಮೂರನೆಯದಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಆ ಹುಡುಗಿಯ ಪಕ್ಕದಲ್ಲೇ ಕೂತಳು.

*

ಚರ್ಚಿನಲ್ಲಿ ಅರುಂಧತಿಯ ಇಂಗ್ಲಿಷು ನಿಧಾನವಾಗಿ, ತಪ್ಪಿಲ್ಲದೆ ನಡೆಯಿತು. ಆಸ್ಪತ್ರೆಯ ಕತೆ ಬಂದಾಗ, "ಸಹಿ ಮಾಡು ಅಂತ ಎಲ್ಲರೂ ಹೇಳಿದರು," ಎಂದಳು.

"ಎಲ್ಲರೂ ಅಲ್ಲ."

ಮೂರನೆಯ ಸಾಲಿನಲ್ಲಿ ಗೋಪೀನಾಥ ಎದ್ದು ನಿಂತಿದ್ದ. "ಹೇಳಿದವನು ನಾನು. ನಾನೂ ಓದಿರಲಿಲ್ಲ." ಅಷ್ಟು ಹೇಳಿ ಕೂತ. ಚಂದ್ರಶೇಖರ್ ತಲೆ ತಗ್ಗಿಸಿ ಪ್ರಾರ್ಥನಾ ಪುಸ್ತಕದ ಪುಟ ಹುಡುಕತೊಡಗಿದರು. ಅರುಂಧತಿಗೆ ಮುಂದಿನ ಸಾಲು ಎಲ್ಲಿದೆಯೆಂದು ಒಂದು ಕ್ಷಣ ಕಾಣಲಿಲ್ಲ.

ಮಣ್ಣು ಹಾಕಿ ಮುಗಿದ ಮೇಲೆ ಹೆಂಗಸರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತರು. ಮೆಲ್ಬರ್ನ್‌ನಿಂದ ಬಂದವಳೊಬ್ಬಳು, "ಇನ್ನು ಮಂಗಳವಾರ ಎಲ್ಲಿ?" ಎಂದು ಕೇಳಿದಳು.

"ಅಮ್ಮನ ಮನೆ, ಗರಾಜು ಎಲ್ಲ ರೆಂಟಿನದು. ತಿಂಗಳ ಕೊನೆಗೆ ಬಿಟ್ಟುಕೊಡಬೇಕು," ಎಂದಳು ಡಿಲೋರಿಸ್.

ಅರುಂಧತಿ ಗಂಡನತ್ತ ನೋಡಿದಳು. ಆದ್ಯಾಳ ಶೂ ಲೇಸು ಕಟ್ಟುತ್ತಿದ್ದ ಅವನು ತಲೆ ಎತ್ತಲಿಲ್ಲ.

ಸಂಜೆ ಸ್ನಾನ ಮುಗಿಸಿ ಬಂದ ಅರುಂಧತಿಗೆ ಹೊರಗೆ ಬ್ರಷ್ಷಿನ ಸದ್ದು ಕೇಳಿಸಿತು. ಕಾರು ಬೀದಿಯಲ್ಲಿ ನಿಂತಿತ್ತು. ಖಾಲಿ ಗರಾಜಿನ ನಡುವೆ ಗೋಪೀನಾಥ, ಸಾವಿಗೆ ಹಾಕಿಕೊಂಡು ಹೋಗಿದ್ದ ಬಿಳಿ ಶರ್ಟಿನ ತೋಳು ಮಡಚಿ, ಮಂಡಿಯೂರಿ, ನೆಲದ ಎಣ್ಣೆ ಕಲೆಯ ಮೇಲೆ ಸೋಪಿನ ಪುಡಿ ಉದುರಿಸಿ ಉಜ್ಜುತ್ತಿದ್ದ.