ಕೋ ಉಸ್ತಾದನ ಮಂಚದ ಕೆಳಗೆ

ಅಪ್ಪನ ಕಾಲುಗಳನ್ನು ನೋಡುವುದೇ ಆ ವರ್ಷವೆಲ್ಲ ನನ್ನ ಕೆಲಸವಾಗಿತ್ತು. ಹಾಸಿಗೆಯಿಂದ ಇಳಿಯುವಾಗ ನೋಡುತ್ತಿದ್ದೆ, ಬಚ್ಚಲಿಗೆ ಹೋಗುವಾಗ ನೋಡುತ್ತಿದ್ದೆ, ಅಂಗಳದಲ್ಲಿ ಶಾವಿಗೆ ಒಣಗಿಸುವ ಮರದ ಚೌಕಟ್ಟಿನ ಹತ್ತಿರ ನಿಂತಾಗಲೂ ನೋಡುತ್ತಿದ್ದೆ. ನೋಡುತ್ತಿದ್ದೇನೆಂದು ಅವನಿಗೆ ಗೊತ್ತಾಗಬಾರದು. ಅದಕ್ಕಾಗಿ ನನ್ನ ಕೈಯಲ್ಲಿ ಯಾವಾಗಲೂ ಪೊರಕೆಯೋ ಹಿಟ್ಟಿನ ಬೋಗುಣಿಯೋ ಇರುತ್ತಿತ್ತು.

ಆಸ್ಪತ್ರೆಯ ಯೇ ಎಂಬ ಡಾಕ್ಟರು ಹೇಳಿದ್ದು ಇಷ್ಟು. ಅಪ್ಪನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಪೂರ್ತಿ ವಾಸಿ ಮಾಡಲಾಗುವುದಿಲ್ಲ, ಆದರೆ ಇಂಜೆಕ್ಷನ್ನು, ಮಾತ್ರೆಗಳಿಂದ ಅದನ್ನು ಹಿಡಿದಿಡಬಹುದು. ಹಾಗೆ ವರ್ಷಗಟ್ಟಲೆ ಇರುವವರಿದ್ದಾರೆ. ಭಯವಿರುವುದು ಬೆನ್ನಿನಲ್ಲಿ. ಆ ಮೂಳೆ ಕುಸಿದರೆ, ಅಥವಾ ಗಡ್ಡೆ ಒಳಗಿನ ಬೆನ್ನುಹುರಿಯನ್ನು ಒತ್ತಿದರೆ, ಕಾಲಿನ ಬಲ ಹೋಗುತ್ತದೆ. ತಡಮಾಡಿದರೆ ಅದು ಮತ್ತೆ ಬರುವುದಿಲ್ಲ. ಕಾಲು ಜೋಮು ಹಿಡಿದರೆ, ಸೋತಂತಾದರೆ, ಮೂತ್ರ ಕಟ್ಟಿದರೆ ಆ ಕ್ಷಣವೇ ಕರೆತನ್ನಿ. ಬೆನ್ನನ್ನು ಯಾರೂ ತಿಕ್ಕಬಾರದು, ಒತ್ತಬಾರದು.

ಹಗಲು ಶಾವಿಗೆ ಎಳೆದು, ಸಂಜೆ ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವಳು ನಾನು. ದೊಡ್ಡವರ ಮಾತು ನನಗೆ ಸರಿಯಾಗಿ ತಿಳಿಯಿತೋ ಇಲ್ಲವೋ ಎಂಬ ಅನುಮಾನ ಎಂದೂ ಬಿಟ್ಟಿಲ್ಲ. ಡಾಕ್ಟರಿಂದ ಇನ್ನೊಮ್ಮೆ ಹೇಳಿಸಿಕೊಂಡೆ. ಆಮೇಲೆ ನರ್ಸನ್ನು ಹಿಡಿದು ಮತ್ತೊಮ್ಮೆ ಕೇಳಿದೆ. ಅವಳೂ ಅದನ್ನೇ ಹೇಳಿದಳು.

ಇದೆಲ್ಲ ನಡೆದದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅಪ್ಪ ಆಚೆ ಟಿ.ವಿ. ಕೆಳಗೆ ಕೂತು ಅಡುಗೆ ಕಾರ್ಯಕ್ರಮ ನೋಡುತ್ತಿದ್ದ. ನಮ್ಮ ಕಡೆ ಇಂಥ ರೋಗದ ಹೆಸರನ್ನು ಮಕ್ಕಳಿಗೆ ಹೇಳುತ್ತಾರೆ, ರೋಗಿಗೆ ಹೇಳುವುದಿಲ್ಲ. ಹಿಂದೆ ನಮ್ಮ ಚಿಕ್ಕಪ್ಪನಿಗೆ ಯಾರೋ ನೇರವಾಗಿ ಹೇಳಿಬಿಟ್ಟಿದ್ದರು. ಅವನು ಗೋಡೆಯ ಕಡೆ ತಿರುಗಿ ಮಲಗಿದವನು ಮತ್ತೆ ಗಂಜಿಯನ್ನೂ ಮುಟ್ಟಲಿಲ್ಲ, ಹೊಸವರ್ಷ ಬರುವುದರೊಳಗೆ ಹೋಗಿಬಿಟ್ಟ. ಅಣ್ಣ ವೆನ್‌ಬಿನ್ ಅದನ್ನೇ ನೆನಪಿಸಿದ.

"ಅಪ್ಪಂಗೆ ಹೇಳಿದ್ರೆ ರೋಗಕ್ಕಿಂತ ಮುಂಚೆ ಭಯಾನೇ ಅವನನ್ನ ತಗೊಂಡು ಹೋಗತ್ತೆ. ನೀನು ಬಾಯಿ ಬಿಡ್ಬೇಡ."

ಡಾಕ್ಟರು, ನಾನಾಗಿ ಹೇಳುವುದಿಲ್ಲ, ಆದರೆ ಅವರಾಗಿ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ ಎಂದರು. ಅಪ್ಪ ಕೇಳಲಿಲ್ಲ. ಇಂಜೆಕ್ಷನ್ ಮೂತ್ರದ ತೊಂದರೆಗೆ, ವಯಸ್ಸಾದ ಗಂಡಸರಿಗೆಲ್ಲ ಬರುವಂಥದ್ದು ಎಂದೆವು. ಬೆನ್ನುನೋವು ಜನ್ಮವೆಲ್ಲ ಶಾವಿಗೆ ಎಳೆದದ್ದರಿಂದ ಎಂದೆವು. ಎರಡನೆಯದನ್ನು ಅವನು ಚೂರೂ ಅನುಮಾನಿಸದೆ ನಂಬಿದ. ನಮ್ಮೂರು ಲುಕಾಂಗಿನಲ್ಲಿ ಶಾವಿಗೆ ಎಳೆಯುವವರಲ್ಲಿ ಬೆನ್ನು ಹಿಡಿಯದವರು ಯಾರೂ ಇಲ್ಲ. ಎರಡು ಬಿದಿರು ಕೋಲಿಗೆ ಸುತ್ತಿದ ಹಿಟ್ಟಿನ ಎಳೆಗಳನ್ನು ಇಡೀ ಮೈಯ ಭಾರ ಹಿಂದಕ್ಕೆ ಹಾಕಿ ಎಳೆಯಬೇಕು, ಅಂಗಳದ ಉದ್ದಕ್ಕೂ, ನೂಲಿನಷ್ಟು ತೆಳ್ಳಗಾಗುವವರೆಗೆ. ನನಗೂ ಬೆನ್ನುನೋವಿದೆ.

ಇಂಜೆಕ್ಷನ್ನಿನಿಂದ ಅವನಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರು ಹರಿಯುತ್ತಿತ್ತು. ನನಗೂ ಮುಟ್ಟು ನಿಲ್ಲುವ ಕಾಲ, ನನ್ನ ಪಾಡೂ ಅದೇ. ಚಳಿಗಾಲದಲ್ಲಿ ಅಪ್ಪ ಮಗಳಿಬ್ಬರೂ ಒಂದೇ ಫ್ಯಾನಿನ ಮುಂದೆ ಕೂರುತ್ತಿದ್ದೆವು.

"ನಿಮ್ಮಮ್ಮ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು," ಎನ್ನುತ್ತಿದ್ದ. "ಅವಳಿಗೆ ಹಿಂಗಾದಾಗ ನಾಟಕ ಮಾಡ್ತೀಯಾ ಅಂತ ಬೈದಿದ್ದೆ. ಈಗ ನೋಡು, ನಾನೇ ಮುದುಕಿ ಆಗಿದೀನಿ."

ನಾನು ನಗುತ್ತಿದ್ದೆ. ನಗುತ್ತಲೇ ಕೆಳಗೆ, ಅವನ ಪಾದಗಳ ಕಡೆ, ಕಣ್ಣು ಹೋಗುತ್ತಿತ್ತು.

ನಮ್ಮ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಏಳುವ ಗಾಳಿ ಶುರುವಾಗಿತ್ತು. ಸಮುದ್ರದ ಕಡೆಯಿಂದ ಬೀಸುವ ಆ ಒಣಗಾಳಿಗೆ ಶಾವಿಗೆ ಚೆನ್ನಾಗಿ ಒಣಗುತ್ತದೆ, ಬೇಡಿಕೆಯೂ ಹೆಚ್ಚು. ಅಪ್ಪನನ್ನು ಎಳೆಯುವ ಕೆಲಸದಿಂದ ದೂರ ಇಟ್ಟಿದ್ದೆ. ಅವನು ಚೌಕಟ್ಟನ್ನು ಹಿಡಿದು ನಿಂತು ಎಳೆ ಬಿಡಿಸುತ್ತಾ, ನನ್ನ ಕೈ ಮೊಂಡು ಎಂದು ಹಂಗಿಸುತ್ತಿದ್ದ. ಆ ಬೆಳಿಗ್ಗೆ ಒಣಗಿದ ಕಟ್ಟುಗಳನ್ನು ಮಾರುಕಟ್ಟೆಗೆ ಕೊಟ್ಟು ಬಂದೆ. ನೋಡಿದರೆ ಗೇಟು ತೆರೆದಿದೆ, ಬಾಗಿಲಲ್ಲಿ ಅಪ್ಪನ ಚಪ್ಪಲಿ ಇಲ್ಲ, ಚೌಕಟ್ಟಿನ ಮೇಲೆ ಶಾವಿಗೆ ಗಾಳಿಗೆ ಸಿಕ್ಕು ಬೀಳುತ್ತಿದೆ. ಅವನು ಹಾಗೆ ಬಿಟ್ಟು ಹೋಗುವವನಲ್ಲ.

ಪಕ್ಕದ ಮನೆಯ ಕಿಮ್ ಅತ್ತೆ ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಖುಷಿಯಿಂದಲೇ ಹೇಳಿದಳು: ಅವಳ ಗಂಡ ಆ-ಶುನ್ ಮಾವ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೋ ಉಸ್ತಾದನ ಗರಡಿಗೆ ಹೋಗಿದ್ದಾನೆ. ಬೆನ್ನಿಗೆ ಒಂದು ಸಲ ಸರಿಯಾಗಿ ಮಾಡಿಸಿಕೊಂಡು ಬರಲಿ, ಪಾಪ, ನೀನೊಬ್ಬಳೇ ಎಷ್ಟು ಅಂತ ಎಳೆಯುತ್ತೀಯಾ ಎಂದಳು.

ಅವಳದೇನೂ ತಪ್ಪಿರಲಿಲ್ಲ. ಅಪ್ಪನಿಗೆ ತಿಳಿಯಬಾರದೆಂದು ಬೀದಿಯವರಿಗೂ ನಾವು ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ನಮ್ಮಪ್ಪ ಹುವೋವಾಂಗ್‌ಗೆ ಬೆನ್ನುನೋವು ಎಂದಷ್ಟೇ. ಬೆನ್ನುನೋವಿಗೆ ಇಲ್ಲಿ ಯಾರಾದರೂ ಹೋಗುವುದು ಕೋ ಉಸ್ತಾದನ ಹತ್ತಿರವೇ. ಹುಡುಗರಿಗೆ ವರಸೆ ಕಲಿಸುತ್ತಾನೆ, ಉಳುಕು ತೆಗೆಯುತ್ತಾನೆ, ಮೂಳೆ ಕೂರಿಸುತ್ತಾನೆ. ಬೆನ್ನು ಹಿಡಿದವರನ್ನು ಬೋರಲು ಮಲಗಿಸಿ, ಮೇಲಿನ ಕಬ್ಬಿಣದ ಸರಳು ಹಿಡಿದು, ಬೆನ್ನಿನ ಮೇಲೆ ಹತ್ತಿ ತುಳಿಯುತ್ತಾನೆ. ನನ್ನನ್ನೂ ತುಳಿದಿದ್ದಾನೆ. ಮೂಳೆ ಲಟಲಟ ಎನ್ನುತ್ತದೆ, ಆಮೇಲೆ ಹಗುರಾಗುತ್ತದೆ.

ಆ ಲಟಲಟ ಸದ್ದು ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಸ್ಕೂಟರನ್ನು ಹೇಗೆ ಓಡಿಸಿದೆನೋ ತಿಳಿಯದು. ಗಾಳಿ ಎದುರಿಗಿತ್ತು. ಎಲ್ಲೋ ಒಂದು ಕಡೆ ದೇವಸ್ಥಾನದ ಹಿಂದಿನ ಓಣಿಗೆ ತಿರುಗುವುದನ್ನು ಮರೆತು ಮುಂದೆ ಹೋಗಿಬಿಟ್ಟೆ. ಹುಟ್ಟಿದ ಊರಿನಲ್ಲಿ ದಾರಿ ತಪ್ಪಿದೆ. ಅಣ್ಣನಿಗೆ ಫೋನು ಮಾಡಬೇಕೇ, ಗರಡಿಗೇ ಮಾಡಬೇಕೇ, ನಂಬರು ಎಲ್ಲಿದೆ, ಹೀಗೆ ಯೋಚಿಸುತ್ತಾ ಒಂದನ್ನೂ ಮಾಡಲಿಲ್ಲ.

ಗರಡಿಯ ಬಾಗಿಲಲ್ಲೇ ಎಣ್ಣೆ, ಕರ್ಪೂರದ ಘಾಟು. ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ನಾಲ್ಕೈದು ಗಂಡಸರು ಸರದಿಗೆ ಕೂತಿದ್ದರು, ಅವರೊಳಗೆ ಆ-ಶುನ್ ಮಾವನೂ ಇದ್ದ. ಅವನು ಏನೋ ಹೇಳಲು ಎದ್ದ. ನಾನು ಪರದೆ ಸರಿಸಿದೆ.

ಅಪ್ಪ ಅಂಗಿ ಬಿಚ್ಚಿ ಬೋರಲು ಮಲಗಿದ್ದ. ಮಂಚದ ತಲೆಯ ಕಡೆ ಮುಖ ಇಡಲು ಒಂದು ರಂಧ್ರವಿದೆ. ಅವನ ಮುಖ ಅದರೊಳಗಿತ್ತು. ಬೆನ್ನಿಗೆಲ್ಲ ಎಣ್ಣೆ. ಎಷ್ಟು ಸಣ್ಣಗಾಗಿತ್ತು ಆ ಬೆನ್ನು! ಕೋ ಉಸ್ತಾದ ಆಗಲೇ ಕಬ್ಬಿಣದ ಸರಳಿಗೆ ಕೈ ಹಾಕಿ, ಒಂದು ಕಾಲನ್ನು ಮಂಚದ ಅಂಚಿಗೆ ಇಟ್ಟಿದ್ದ.

ಹತ್ತಬೇಡಿ ಎಂದೆ. ಉಸ್ತಾದ ಕಾಲು ತೆಗೆಯಲಿಲ್ಲ, ಸರಳೂ ಬಿಡಲಿಲ್ಲ.

"ಏನಮ್ಮಾ, ಸರದಿ ಇದೆ. ಹೊರಗೆ ಕೂತ್ಕೋ."

ಕೆಳಗಿನಿಂದ ಅಪ್ಪನ ಸ್ವರ ಬಂತು. "ನಮ್ಮ ಮಗಳು ಆ-ತಾವ್ ಅದು. ನಾನು ಸೀನಿದ್ರೂ ಆಂಬುಲೆನ್ಸ್ ಕರೆಸ್ತಾಳೆ. ನೀವು ಹತ್ತಿ ಉಸ್ತಾದ್."

ಪರದೆಯ ಆಚೆ ಗಂಡಸರು ನಕ್ಕರು. ನಾನು ಮತ್ತೊಂದು ಸುಳ್ಳು ಹುಡುಕಿದೆ. ಮೂಳೆ ಸವೆದಿದೆ, ಡಾಕ್ಟರು ಬೇಡ ಅಂದಿದ್ದಾರೆ ಎಂದೆ. ಉಸ್ತಾದ ಒಳ್ಳೆಯವನೇ, ಸಮಾಧಾನದಿಂದ ಉತ್ತರ ಕೊಟ್ಟ. ಈ ವಯಸ್ಸಿನಲ್ಲಿ ಯಾರ ಮೂಳೆ ಸವೆದಿರುವುದಿಲ್ಲ, ನನ್ನ ಹತ್ತಿರ ಬರುವವರೆಲ್ಲ ಮುದುಕರೇ, ಹಗುರವಾಗಿಯೇ ತುಳಿಯುತ್ತೇನೆ ಎಂದ. ಅಪ್ಪ ಮತ್ತೆ, ಮಗಳೇ, ಹೋಗಿ ಶಾವಿಗೆ ನೋಡ್ಕೋ, ಗಾಳಿಗೆ ಸಿಕ್ಕು ಬೀಳತ್ತೆ ಎಂದ.

ಉಸ್ತಾದನ ಇನ್ನೊಂದು ಕಾಲು ನೆಲ ಬಿಟ್ಟಿತು.

ಗೋಡೆಯ ಕಡೆ ತಿರುಗಿ ಮಲಗಿದ ಚಿಕ್ಕಪ್ಪನ ಬೆನ್ನು ನನ್ನ ಕಣ್ಣ ಮುಂದೆ ಬಂತು. ಹೇಳಿದರೆ ಇವನೂ ಹಾಗೆ ತಿರುಗಿಬಿಡುತ್ತಾನೆ, ನನ್ನ ಮಾತೇ ಇವನನ್ನು ಕೊಲ್ಲುತ್ತದೆ. ಹೇಳದಿದ್ದರೆ ಈಗ, ನನ್ನ ಎದುರಿಗೇ, ಆ ಕಾಲು ಇಳಿಯುತ್ತದೆ. ನಾನು ಎರಡೂ ಕೈಯಿಂದ ಉಸ್ತಾದನ ಮೊಣಕಾಲನ್ನು ತಬ್ಬಿ ಹಿಡಿದೆ. ಅವನು ಗಾಬರಿಯಾಗಿ ಕೆಳಗಿಳಿದ. ಆಮೇಲೆ ನಾನು ನೆಲಕ್ಕೆ ಕೂತು, ತೆವಳಿ, ಮಂಚದ ಕೆಳಗೆ ಹೋದೆ. ಹೇಳುವುದೇ ಆದರೆ ಅವನ ಬೆನ್ನಿಗೆ ಹೇಳಬಾರದು ಎಂದಷ್ಟೇ ಆಗ ತೋಚಿದ್ದು.

ಮೇಲೆ ರಂಧ್ರದಲ್ಲಿ ಅಪ್ಪನ ಮುಖ ಕೆಂಪಗೆ ಜೋತುಬಿದ್ದಿತ್ತು. ಕೆನ್ನೆಗಳು ಕಣ್ಣಿನ ಹತ್ತಿರಕ್ಕೆ ನೂಕಿಕೊಂಡಿದ್ದವು. ಅವನು ನನ್ನನ್ನು ನೋಡಿ, ಅಲ್ಲಿಗ್ಯಾಕೆ ಬಂದೆ, ಬಟ್ಟೆ ಕೊಳೆಯಾಗತ್ತೆ ಎಂದ.

"ಅಪ್ಪಾ, ಇದು ಶಾವಿಗೆಯಿಂದ ಬಂದಿದ್ದಲ್ಲ. ಕ್ಯಾನ್ಸರ್. ಬೆನ್ನುಮೂಳೆಗೆ ಬಂದಿದೆ. ಅವರು ಹತ್ತಿದ್ರೆ ಮುರಿದುಹೋಗತ್ತೆ."

ಮೆಲ್ಲಗೆ ಹೇಳಬೇಕೆಂದಿದ್ದೆ. ಪರದೆಯ ಆಚೆ ಮಾತು ನಿಂತಿತು.

ಅಪ್ಪ ರೆಪ್ಪೆ ಬಡಿದ. ಅವನ ಹಣೆಯಿಂದ ಬೆವರಿನ ಹನಿಯೊಂದು ನನ್ನ ಕೆನ್ನೆಯ ಮೇಲೆ ಬಿತ್ತು. ವೆನ್‌ಬಿನ್‌ಗೆ ಗೊತ್ತಾ ಎಂದು ಕೇಳಿದ. ಗೊತ್ತು ಎಂದೆ. ಮೊದಲಿನಿಂದಲೂ? ಮೊದಲಿನಿಂದಲೂ.

"ಹಾಗಾದ್ರೆ ನನಗೊಬ್ಬನಿಗೇ ಗೊತ್ತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ತಿರುಗಿಕೊಳ್ಳುತ್ತಾನೆ, ಈಗ ಕಣ್ಣು ಮುಚ್ಚಿಬಿಡುತ್ತಾನೆ ಎಂದು ಕಾದೆ. ಆ ಮುಖಕ್ಕೆ ತಿರುಗಲು ಜಾಗವೂ ಇರಲಿಲ್ಲ. ಅವನು ನನ್ನನ್ನೇ ನೋಡುತ್ತಾ, ಬೇರೆಯದೇ ದನಿಯಲ್ಲಿ, ನನಗೆ ಮಾತ್ರ ಕೇಳುವಂತೆ ಹೇಳಿದ.

"ಆ-ತಾವ್, ಬಲಗಾಲು ನಂದಲ್ಲ ಅನ್ನಿಸ್ತಿದೆ. ಗಾಳಿ ಶುರುವಾದಾಗಿಂದ ಹಿಂಗೇ. ನಿಂಗೆ ಹೇಳಿದ್ರೆ ಅಂಗಳಕ್ಕೂ ಬಿಡಲ್ಲ ಅಂತ ಸುಮ್ಮನಿದ್ದೆ. ಅದಕ್ಕೇ ಇಲ್ಲಿಗೆ ಬಂದೆ."

ಅಷ್ಟು ದಿನ ನೋಡಿದ್ದೆನಲ್ಲ! ಅವನು ಚೌಕಟ್ಟು ಹಿಡಿದು ನಿಂತದ್ದನ್ನು ನೋಡಿದ್ದೆ, ಗೋಡೆಗೆ ಕೈ ಕೊಟ್ಟು ಬಚ್ಚಲಿಗೆ ಹೋಗುವುದನ್ನು ನೋಡಿದ್ದೆ, ಬೆನ್ನುನೋವಿನವರು ಹಾಗೆಯೇ ನಡೆಯುತ್ತಾರೆ ಎಂದುಕೊಂಡಿದ್ದೆ. ಬೆನ್ನುನೋವು ಎಂಬ ನಮ್ಮ ಸುಳ್ಳನ್ನು ನಾನೂ ಅಷ್ಟಿಷ್ಟು ನಂಬಿಬಿಟ್ಟಿದ್ದೆನೇನೋ.

ಉಸ್ತಾದ ಆಮೇಲೆ ಅಪ್ಪನ ಬೆನ್ನನ್ನು ಮುಟ್ಟಲಿಲ್ಲ. ಎಣ್ಣೆ ಹಚ್ಚುವಾಗ ಹೆಬ್ಬೆರಳಿನಿಂದ ಒತ್ತಿದ್ದೆ, ಅಷ್ಟೇ, ಅಷ್ಟೇ ಎಂದು ಎರಡೆರಡು ಸಲ ಹೇಳಿದ. ಅವನ ಮುಖ ಬಿಳಿಚಿತ್ತು. ನಾನು ಕರೆಸಿದ ಆಂಬುಲೆನ್ಸಿನವರು ಅಪ್ಪನನ್ನು ಹಲಗೆಗೆ ಸರಿಸಿ ಎತ್ತಿದರು. ಸರದಿಗೆ ಕೂತಿದ್ದವರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಆ-ಶುನ್ ಮಾವ ಅಪ್ಪನ ಅಂಗಿಯನ್ನು ನನ್ನ ಕೈಗೆ ಕೊಟ್ಟ.

ಆಸ್ಪತ್ರೆಗೆ ಹೋಗುವಾಗ ಅಣ್ಣನಿಗೆ ಫೋನು ಮಾಡಿದೆ. ಹೇಳ್ಬಿಟ್ಯಾ ಎಂದು ಕೇಳಿ ಅವನು ಫೋನು ಇಟ್ಟುಬಿಟ್ಟ. ಸ್ಕ್ಯಾನ್ ಮುಗಿಯುವ ಹೊತ್ತಿಗೆ ಬಂದ, ಬಂದವನು ವಾರ್ಡಿನ ಬಾಗಿಲಲ್ಲೇ ನಿಂತು ನನಗೆ ಸನ್ನೆ ಮಾಡಿದ. ಅಪ್ಪ ಅದನ್ನು ನೋಡಿದ.

"ಒಳಗೆ ಬಾರೋ. ಬಾಗಿಲಲ್ಲಿ ನಿಂತು ಇನ್ನೂ ಏನು ಪಿಸಪಿಸ ನಿಮ್ದು?"

ಅಣ್ಣ ಒಳಗೆ ಬಂದು ಮಂಚದ ಪಕ್ಕ ಶಾಲೆಯ ಹುಡುಗನ ಹಾಗೆ ನಿಂತ.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಯೇ ಬಂದರು. ಅಭ್ಯಾಸಬಲದಿಂದ ಕಾರಿಡಾರಿನ ಕಡೆ ನೋಡಿ ನನ್ನನ್ನು ಕರೆದರು. ನಾನು ಏಳಲಿಲ್ಲ. ಅವನಿಗೇ ಹೇಳಿ ಎಂದೆ. ಡಾಕ್ಟರು ಅಣ್ಣನನ್ನು ನೋಡಿದರು. ಅಣ್ಣ ತಲೆ ತಗ್ಗಿಸಿದ. ಆಗ ಅವರು ಕುರ್ಚಿ ಎಳೆದುಕೊಂಡು ಅಪ್ಪನ ಮುಖದ ಹತ್ತಿರ ಕೂತರು.

ಎಲ್ಲವನ್ನೂ ಹೇಳಿದರು. ಮೂಳೆ ಮುರಿದಿಲ್ಲ, ಆದರೆ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿದೆ. ಬಾವು ಇಳಿಯಲು ಔಷಧಿ ಆಗಲೇ ಶುರುವಾಗಿದೆ, ಇವತ್ತೇ ವಿಕಿರಣ ಕೊಡುತ್ತಾರೆ. ಇನ್ನೂ ತಡವಾಗಿದ್ದರೆ ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು. ಅಪ್ಪ ಮಧ್ಯೆ ಬಾಯಿ ಹಾಕದೆ ಕೇಳಿದ. ಆಮೇಲೆ ನಡೀತೀನಾ ಎಂದು ಒಂದೇ ಮಾತು ಕೇಳಿದ.

"ಈಗ ಹೇಳಕ್ಕಾಗಲ್ಲ," ಎಂದರು ಡಾಕ್ಟರು. "ಇವತ್ತು ಕಾಲಲ್ಲಿ ಎಷ್ಟು ಬಲ ಉಳಿದಿದೆಯೋ ಅದರ ಮೇಲೆ ನಿಂತಿರತ್ತೆ."

ಅವರು ಹೋದ ಮೇಲೆ ಅಣ್ಣ ಕಾಗದಪತ್ರಕ್ಕೆಂದು ಕೆಳಗಿಳಿದ. ಅಪ್ಪನನ್ನು ವಿಕಿರಣಕ್ಕೆ ಕರೆದೊಯ್ಯುವವರು ಇನ್ನೂ ಬಂದಿರಲಿಲ್ಲ. ತಲೆಯೆತ್ತಬಾರದೆಂದು ಹೇಳಿದ್ದರಿಂದ ಅವನು ಚಾವಣಿಯನ್ನೇ ನೋಡುತ್ತಾ ಮಲಗಿದ್ದ. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು.

"ಆ-ತಾವ್, ಹೊದಿಕೆ ತೆಗಿ. ನಂಗೆ ಕಾಣಲ್ಲ, ನೀನು ನೋಡಿ ಹೇಳು. ಎರಡು ಕಾಲಿನ ಬೆರಳೂ ಆಡಿಸ್ತಿದೀನಿ."

ನಾನು ಮಂಚದ ಕೊನೆಗೆ ಹೋಗಿ ಹೊದಿಕೆ ಎತ್ತಿದೆ. ಅವನ ಹಿಮ್ಮಡಿಗಳಲ್ಲಿ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು. ಎಡಗಾಲಿನ ಬೆರಳುಗಳು ಮಡಿಚಿ ಬಿಚ್ಚಿಕೊಳ್ಳುತ್ತಿದ್ದವು. ನಾನು ಬಲಗಾಲನ್ನು ನೋಡಿದೆ. ಬಗ್ಗಿ ಹತ್ತಿರದಿಂದ ನೋಡಿದೆ. ಅವನು ಉಸಿರು ಬಿಗಿಹಿಡಿದು ಪ್ರಯತ್ನಿಸುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಆಡ್ತಿದೆ ಅಪ್ಪಾ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ.

"ಎಡಗಡೆದು ಎಲ್ಲಾ ಆಡ್ತಿದೆ. ಬಲಗಡೆ ಹೆಬ್ಬೆರಳು ಮಾತ್ರ, ಅದೂ ಒಂಚೂರು. ಉಳಿದಿದ್ದು ಇಲ್ಲ."

ಅಪ್ಪ ಉಸಿರು ಬಿಟ್ಟ. ಅವನು ಗೋಡೆಯ ಕಡೆ ತಿರುಗುವುದಿಲ್ಲ ತಾನೇ ಎಂದು ನಾನು ಅವನ ಕಾಲನ್ನು ಬಿಟ್ಟು ಮುಖವನ್ನೇ ನೋಡುತ್ತಿದ್ದೆ.

"ಆ ಹೆಬ್ಬೆರಳು ಹಿಡ್ಕೋ," ಎಂದ. "ಇನ್ನೊಂದ್ಸಲ ಆಡಿಸ್ತೀನಿ. ಇದ್ದಿದ್ದನ್ನ ಇದ್ದಂಗೆ ಹೇಳು."

ನಾನು ಹಿಡಿದುಕೊಂಡೆ. ಬೆರಳು ತಣ್ಣಗಿತ್ತು.