ಸಬ್ಬತ್ತಿನ ಸೆರೆಯಾಳು

ದೇವರು ವಾರದಲ್ಲಿ ಒಂದು ದಿನವನ್ನು, ಸಬ್ಬತ್ತೆಂಬ ಭಾನುವಾರವನ್ನು, ತನಗೆಂದು ಇಟ್ಟುಕೊಂಡ. ಆ ದಿನಕ್ಕೆ ಬೇಲಿ ಕಟ್ಟಿದವನು ಎಲಿಫಲೆಟ್ ಥ್ರಾಲ್. ಕಲ್ಲುಗುಡ್ಡದ ಬೇಸಾಯಗಾರನ ಮಗ. ರಾಜನ ವಿರುದ್ಧದ ಯುದ್ಧದಲ್ಲಿ ಒಂದು ಕಿವಿ ಕಳೆದುಕೊಂಡು ಬಂದವನು. ಒಂಬತ್ತು ಸಲ ಕನೆಕ್ಟಿಕಟ್‌ನ ಶಾಸನಸಭೆಗೆ ಆರಿಸಿಹೋಗಿ, ಅಲ್ಲಿ ಪಟ್ಟು ಹಿಡಿದು ಕಾನೂನು ಮಾಡಿಸಿದ್ದ: ಭಾನುವಾರ ಸೂರ್ಯ ಮುಳುಗುವವರೆಗೆ ಯಾರೂ ಪ್ರಯಾಣ ಮಾಡಕೂಡದು, ಸಿಕ್ಕಿಬಿದ್ದ ತಪ್ಪಿತಸ್ಥನನ್ನು ಸೆರೆಮನೆಗೆ ಒಯ್ಯುವ ಕಾವಲುಗಾರನಿಗೆ ಮಾತ್ರ ದಾರಿ. ಆಮೇಲೆ ನ್ಯಾಯಾಧೀಶನಾಗಿ ಹದಿನಾಲ್ಕು ವರ್ಷ ಆ ಬೇಲಿಯ ಒಂದು ಗೂಟವೂ ಅಲುಗದಂತೆ ಕಾದಿದ್ದ.

ಅಂಥವನು ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಕರಗುವ ಹಿಮದ ಕೆಸರಿನಲ್ಲಿ, ಕುದುರೆಯನ್ನು ಬಡಿದು ಓಡಿಸುತ್ತಿದ್ದ.

ಎದೆಯ ಜೇಬಿನಲ್ಲಿ ಒಂದು ಕಾಗದವಿತ್ತು. ನಸುಕಿನಲ್ಲಿ ಸೂಲಗಿತ್ತಿ ಟ್ರೈಫೀನಾ ಸಾಯುವ ಮುಂಚೆ ಅವನನ್ನು ಕರೆಸಿ, ತಾನು ಕೋರ್ಟಿನಲ್ಲಿ ಆಣೆಯಿಟ್ಟು ಹೇಳಿದ್ದು ಸುಳ್ಳು ಎಂದು ಅದರಲ್ಲಿ ಬರೆಸಿದ್ದಳು. ಮನೆಗೆಲಸದ ಡಾರ್ಕಸ್‌ಳ ಕೂಸು ಹುಟ್ಟುವಾಗಲೇ ಸತ್ತಿತ್ತು. ಆ ಹುಡುಗಿ ಕೊಂದಿರಲಿಲ್ಲ. ಸೂಲಗಿತ್ತಿಯ ಮಾತು ನಂಬಿ ಗಲ್ಲಿನ ತೀರ್ಪಿಗೆ ರುಜು ಹಾಕಿದವನು ಥ್ರಾಲನೇ. ಗಲ್ಲು ಸೋಮವಾರ ಬೆಳಿಗ್ಗೆ ಎಂಟಕ್ಕೆ, ಇಪ್ಪತ್ತಾರು ಮೈಲಿ ದೂರದ ಪಟ್ಟಣದಲ್ಲಿ. ನಡುವೆ ಹೊಳೆ. ಹಿಮದ ಬಂಡೆಗಳು ತೇಲಿಬರುವ ಈ ದಿನಗಳಲ್ಲಿ ಅಂಬಿಗ ಸಂಜೆಗೆ ದೋಣಿ ಕಟ್ಟಿದರೆ ಮರುದಿನ ಬಿಸಿಲೇರಿದ ಮೇಲೆಯೇ ಬಿಚ್ಚುವುದು.

ನ್ಯೂ ಶೈಲೋ ಊರಿನ ಪ್ರಾರ್ಥನಾ ಮಂದಿರದ ಮುಂದೆ, ತುದಿಗೆ ನರಿಬಾಲ ಕಟ್ಟಿದ ಉದ್ದನೆಯ ಕೋಲೊಂದು ದಾರಿಗೆ ಅಡ್ಡ ಬಂತು. ಕೋಲು ಹಿಡಿದವನು ಆ ಊರಿನ ಸಬ್ಬತ್ತಿನ ಕಾವಲುಗಾರ, ಚಮ್ಮಾರ ಅಸಾಹೆಲ್ ಬಿಡ್ವೆಲ್. ಥ್ರಾಲ್‌ಗೆ ಆ ಮುಖದ ಗುರುತು ಸಿಕ್ಕಿತು.

ಹನ್ನೊಂದು ವರ್ಷದ ಹಿಂದೆ, ಹೆರಿಗೆಯಾಗಿ ರಕ್ತ ನಿಲ್ಲದ ಹೆಂಡತಿ ಹುಲ್ಡಾಳಿಗಾಗಿ ವೈದ್ಯನನ್ನು ತರಲು ಈ ಅಸಾಹೆಲ್ ಭಾನುವಾರ ಕುದುರೆ ಏರಿದ್ದ. ಮುಂದಿನ ಊರಲ್ಲಿ ಅವನನ್ನು ಹಿಡಿದು ಹೊತ್ತು ಮುಳುಗುವತನಕ ಕೂರಿಸಿದ್ದರು. ತಿರುಗಿ ಬಂದಾಗ ಅವಳು ತಣ್ಣಗಾಗಿದ್ದಳು. ದಂಡ ಹಾಕಿದವನು ಥ್ರಾಲ್.

ಥ್ರಾಲ್ ಕಾಗದ ತೆಗೆದು, ನಡೆದದ್ದನ್ನೆಲ್ಲ ತೊದಲುತ್ತ ಹೇಳಿದ. ಅಸಾಹೆಲ್ ಕೊನೆಯವರೆಗೂ ಕೇಳಿದ. ಕೋಲು ಮಾತ್ರ ಕದಲಲಿಲ್ಲ.

"ಯಜಮಾನ್ರೆ, ಅವತ್ತು ಕೋರ್ಟಲ್ಲಿ ನೀವು ನನ್ನನ್ನ ಒಂದು ಮಾತು ಕೇಳಿದ್ರಿ. ನೆನಪೈತಾ?"

ಥ್ರಾಲ್‌ಗೆ ನೆನಪಿತ್ತು.

"'ನೀನು ಹೋಗಿದ್ರೆ ಅವಳು ಬದುಕ್ತಿದ್ಲು ಅನ್ನೋಕೆ ಸಾಕ್ಷಿ ಏನು' ಅಂದ್ರಿ. ಈಗ ನಾನು ಕೇಳ್ತೀನಿ. ನೀವು ಹೋದ್ರೆ ಈ ಹುಡುಗಿ ಬದುಕ್ತಾಳೆ ಅನ್ನೋಕೆ ಸಾಕ್ಷಿ ಏನು?"

ಒಳಗೆ ಕೀರ್ತನೆ ಶುರುವಾಯಿತು. ಮುದುಕ ಕುದುರೆಯಿಂದ ಇಳಿದ. ಟೋಪಿ ತೆಗೆದ. ಕೆಸರಿನಲ್ಲಿ ಮೊಣಕಾಲೂರಿದ. ಇಷ್ಟು ವರ್ಷ ದೇವರ ಮುಂದೆ ಮಾತ್ರ ಮಡಿಸಿದ ಮೊಣಕಾಲು.

"ಸಾಕ್ಷಿ ಇಲ್ಲಪ್ಪ. ಅವತ್ತು ಆ ಮಾತು ಕೇಳೋ ಹಕ್ಕು ನನಗೆ ಇರಲಿಲ್ಲ."

ಅಸಾಹೆಲ್ ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ, ಬಿಡುವುದೇನೋ ಬಿಡಬಹುದು, ಆದರೆ ಮುಂದೆ ಇನ್ನೂ ಎರಡು ಊರು, ಇನ್ನೂ ಎರಡು ಕೋಲು, ಅಲ್ಲಿಯವರು ಬಿಡುವವರಲ್ಲ ಎಂದ.

"ಒಂದೇ ದಾರಿ ಐತೆ. ನೀವೇ ಕಾನೂನಲ್ಲಿ ಇಟ್ಟದ್ದು. ಕೈ ಚಾಚಿ."

ಜೋಡು ಹೊಲಿಯುವ ಮೇಣದ ದಾರವನ್ನು ಜೇಬಿನಿಂದ ತೆಗೆದು, ನಾಲ್ಕೆಳೆ ಮಾಡಿ, ನ್ಯಾಯಾಧೀಶನ ಮಣಿಕಟ್ಟುಗಳನ್ನು ಕಟ್ಟಿದ. ಚಮ್ಮಾರನ ಗಂಟು, ಬಿಗಿ. ಲಾಯದಿಂದ ತನ್ನ ಹೆಣ್ಣುಕುದುರೆ ತಂದು, ಥ್ರಾಲನನ್ನು ಅವನ ಕುದುರೆಗೆ ಹತ್ತಿಸಿ, ಅದರ ಲಗಾಮು ಹಿಡಿದು ಹೊರಟ.

ಮುಂದಿನ ಎರಡು ಊರಲ್ಲೂ ಜನ ಬಾಗಿಲಿಗೆ ಬಂದು ನೋಡಿದರು. ಒಬ್ಬ ಮುದುಕಿ, ತಣ್ಣನೆಯ ಅವರೆಕಾಳಿನ ಬಟ್ಟಲು ಕೈಯಲ್ಲೇ ಹಿಡಿದು, "ಬೇಲಿ ಹಾಕಿದೋನೇ ಮುಳ್ಳಿಗೆ ಸಿಕ್ಕಿಬಿದ್ನಲ್ಲ, ದೇವ್ರೇ ನೋಡ್ಬೇಕು" ಎಂದು ನಕ್ಕಳು. "ಸಬ್ಬತ್ತು ಮುರಿದವ. ಸೆರೆಮನೆಗೆ" ಎಂದಷ್ಟೇ ಹೇಳುತ್ತಿದ್ದ ಅಸಾಹೆಲ್. ಕೋಲುಗಳು ಮೇಲೇಳುತ್ತಿದ್ದವು. ಥ್ರಾಲ್ ತಲೆ ತಗ್ಗಿಸಲಿಲ್ಲ, ಸೂರ್ಯನನ್ನು ನೋಡುತ್ತಿದ್ದ. ಅದು ಜಾರುತ್ತಲೇ ಇತ್ತು.

ಹೊಳೆಗೆ ಬಂದಾಗ ಅಂಬಿಗ ದೋಣಿ ಕಟ್ಟುತ್ತಿದ್ದ. ಸೆರೆಯಾಳು ಎಂದ ಮೇಲೆ ಗೊಣಗುತ್ತ ಬಿಚ್ಚಿದ. ಹಿಮದ ಬಂಡೆ ಬಡಿದಾಗಲೆಲ್ಲ ದೋಣಿ ಓಲಾಡಿತು. ಕೈಕಟ್ಟಿದವನು ನೀರಿಗೆ ಬಿದ್ದರೆ ಮುಗಿಯಿತು. ಕಾಗದ ನೆನೆಯದಿರಲಿ ಎಂಬುದೊಂದೇ ಅವನ ಪ್ರಾರ್ಥನೆ. ಅಸಾಹೆಲ್ ಒಂದು ಕೈಯಿಂದ ಅವನ ಕೋಟು ಹಿಡಿದೇ ಇದ್ದ.

ಸೆರೆಮನೆಯಲ್ಲಿ ಶೆರೀಫ್ ಕಾಗದವನ್ನು ದೀಪಕ್ಕೆ ಹಿಡಿದು ಎರಡು ಸಲ ಓದಿದ. ತೀರ್ಪು ಬರೆದವನೇ ಬಂದು ಬೇಡ ಎನ್ನುವಾಗ ನಾಳೆ ಹಗ್ಗ ಮುಟ್ಟುವುದಿಲ್ಲ ಎಂದ. ದಾರ ಬಿಚ್ಚಲು ಹೋದಾಗ ಥ್ರಾಲ್ ಕೈ ಹಿಂದೆಗೆದ. ತಪ್ಪಿಗೆ ದಂಡವಿದೆ, ಮೊದಲು ಬರೆದುಕೊಳ್ಳಿ ಎಂದ.

ಆ ಹುಡುಗಿಯ ಕೋಣೆಯ ಬೀಗ ತೆಗೆದ ಸದ್ದಿಗೆ ಒಳಗಿನ ಕತ್ತಲಲ್ಲಿ ಹುಲ್ಲು ಸರಿದಾಡಿತು.

"ಬೆಳಗಾಯ್ತಾ?" ಎಂದಳು ಡಾರ್ಕಸ್.

ಚಮ್ಮಾರ ಉತ್ತರ ಕೊಟ್ಟ.

"ಇಲ್ಲಮ್ಮ. ಇನ್ನೂ ಭಾನುವಾರವೇ."