ಮೂರು ಮಡಿಗೆ ಮೂರು ಮಂಕರಿ

ಬರಬಾರದ ಕಡೆ ಗಂಟು ಬಂದಿತ್ತು. ಮೇಘಶ್ರೀ ಆಗಷ್ಟೇ ಅಗೆದ ಸೋಯಾ ಗಿಡದ ಬೇರನ್ನು ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿ ಬೆಳಕಿಗೆ ಹಿಡಿದಳು. ಕೊತ್ತಂಬರಿ ಬೀಜದಷ್ಟು ದಪ್ಪದ ಗಂಟುಗಳು, ಎಂಟೊಂಬತ್ತು, ಪಕ್ಕದ ಬೇರುಗಳಿಗೆ ಕಚ್ಚಿಕೊಂಡಿದ್ದವು. ಇನ್ನೊಂದು ಗಿಡ ಅಗೆದಳು. ಅದರಲ್ಲೂ ಇದ್ದವು. ಹುಡುಗಿಯ ಮುಖ ಬಾಡಿದ್ದನ್ನು ಬದುವಿನ ಮೇಲೆ ನಿಂತಿದ್ದ ಅಂಜಮ್ಮ ನೋಡಿದಳು. ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಲ್ಲದ ಕಳೆ ಕೀಳಲು ಕೂತಳು.

ತಮಿಳು ಗಡಿಯೊಳಗಿನ ಉದ್ದನಪಲ್ಲಿಯ ಆಚೆಗಿನ ಆ ಅರ್ಧ ಎಕರೆ ಕೆಂಪು ಹೊಲ ಅಂಜಮ್ಮನದು. ಸೋಯಾ ಸಂಶೋಧನೆಗೆ ನೆಲ ಬೇಕೆಂದು ಕೃಷಿ ಕಾಲೇಜಿನ ಮೇಘಶ್ರೀ ಊರೆಲ್ಲ ತಿರುಗಿದಾಗ ಕೊಟ್ಟವಳು ಅವಳೊಬ್ಬಳೇ. ಅದಕ್ಕಾಗಿ ಗಂಡ ರಾಮಯ್ಯನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಇವಳು ಮೀಲ್ ಮೇಕರ್ ಬೆಳೀತಾಳಂತೆ ಎಂದು ಟೀ ಅಂಗಡಿಯಲ್ಲಿ ನಕ್ಕ ಮೈದುನ ಸೊಣ್ಣಪ್ಪನಿಗೆ, ನೀನು ಮದುವೆ ಮನೆಯಲ್ಲಿ ಮೂರು ಸಲ ಹಾಕಿಸಿಕೊಂಡು ತಿಂದ ಮೀಲ್ ಮೇಕರ್ ಉಂಡೆ ಇದೇ ಕಾಳಿನದು ಎಂದು ಎಲ್ಲರೆದುರಿಗೇ ಹೇಳಿ ಬಂದಿದ್ದಳು.

ಕೆಲಸ ಸುಲಭದ್ದೇ. ಆರು ಮಡಿ, ಮಡಿಗೆ ಎಂಟು ಸಾಲು. ಮೂರು ಮಡಿಯ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ಕಪ್ಪು ಪುಡಿ ಸವರಿ, ನೆರಳಲ್ಲಿ ಆರಿಸಿ ಬಿತ್ತಿದ್ದರು. ಉಳಿದ ಮೂರಕ್ಕೆ ಬರೀ ಬೀಜ. ಆ ಪುಡಿಯಲ್ಲಿ ಜೀವ ಇದೆ, ಹಾಲಿಗೆ ಹೆಪ್ಪು ಇದ್ದ ಹಾಗೆ, ಅದು ಬೇರಿನಲ್ಲಿ ಗಂಟು ಕಟ್ಟಿ ಗಾಳಿಯಲ್ಲಿರುವ ಸಾರವನ್ನು ಗಿಡಕ್ಕೆ ಉಣಿಸುತ್ತದೆ, ಸೋಯಾ ಕಂಡೇ ಇಲ್ಲದ ಈ ಮಣ್ಣಲ್ಲಿ ಅದು ಇಲ್ಲ ಎಂದು ಮೇಘಶ್ರೀ ಬಿಡಿಸಿ ಹೇಳಿದ್ದಳು. ಪುಡಿ ಹಾಕಿದ್ದಕ್ಕೂ ಹಾಕದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ತೋರಿಸುವುದೇ ಅವಳ ಒಂದು ವರ್ಷದ ದುಡಿಮೆ. ಈಗ ಹಾಕದ ಮಡಿಯಲ್ಲೂ ಗಂಟು.

"ಅಕ್ಕಾ, ಈ ಮಡಿಗೆ ಏನಾದ್ರೂ ಹಾಕಿದ್ರಾ?"

"ಗೊಬ್ರ ಹಾಕ್ಬೇಡ ಅಂದೆ, ಹಾಕ್ನಿಲ್ಲ. ಔಸ್ದಿ ಹೊಡೀಬೇಡ ಅಂದೆ, ಹೊಡೀನಿಲ್ಲ."

"ಅದಲ್ಲ ಅಕ್ಕಾ ನಾನು ಕೇಳಿದ್ದು."

ತಪ್ಪು ತನ್ನದಾದಾಗ ಅಂಜಮ್ಮನಿಗೆ ಸಿಟ್ಟು ಎರಡರಷ್ಟು ಬರುತ್ತಿತ್ತು. ಎದ್ದು ನಿಂತಳು.

"ಮಣ್ಣು ಹಾಕ್ದೆ ಕಣಮ್ಮಣ್ಣಿ. ಆ ಮಡೀದು ತಂದು ಈ ಮಡೀಗೆ ಹಾಕ್ದೆ. ಏನೀಗ? ಆರೂ ಒಂದೇ ಹೊಲ್ದಾಗೆ ಹುಟ್ಟಿದ್ವು. ಮೂರಕ್ಕೆ ಇಕ್ಕಿ ಮೂರನ್ನ ಉಪಾಸ ಕೆಡವೋದು ನಿಮ್ಮ ಕಾಲೇಜ್ನಾಗೆ ನಡೀತದೇನೋ, ನನ್ನ ಹೊಲ್ದಾಗೆ ನಡೆಯಾಕಿಲ್ಲ."

ಬಿತ್ತಿದ ಮೂರು ವಾರಕ್ಕೆ ಆ ಮೂರು ಮಡಿಗಳು ಕಾಮಾಲೆ ಹಿಡಿದ ಮಕ್ಕಳಂತೆ ಹಳದಿಗೆ ತಿರುಗಿದ್ದವು. ಹಸುವಿಗೆ ಹುಲ್ಲು ತರಲು ದಿನಾ ಅದೇ ಬದುವಿನ ಮೇಲೆ ಓಡಾಡಬೇಕು. ನಾಲ್ಕು ದಿನ ಮುಖ ತಿರುಗಿಸಿಕೊಂಡು ಓಡಾಡಿದಳು. ಐದನೆಯ ದಿನ ಆಗಲಿಲ್ಲ. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ತಂದು ಹೆಪ್ಪು ಹಾಕುವುದಿಲ್ಲವೇ? ಜೀವ ಅಂದಮೇಲೆ ಪುಡಿಯೇ ಆಗಬೇಕೆಂದೇನು? ಹಸಿರಾದ ಮಡಿಯ ಬೇರಿನ ಬುಡದ ಮಣ್ಣನ್ನು ಮಂಕರಿಗೆ ತುಂಬಿಕೊಂಡು ಹಳದಿಯಾದವಕ್ಕೆ ಬುಡಕ್ಕೆ ಬುಡಕ್ಕೆ ಕೊಟ್ಟಿದ್ದಳು. ಅವತ್ತು ಸಂಜೆ ಹದವಾಗಿ ಮಳೆಯೂ ಬಿತ್ತು. ಅದಾಗಿ ತಿಂಗಳ ಮೇಲೆ ಮೇಘಶ್ರೀ ಮತ್ತೆ ಹೊಲಕ್ಕೆ ಬಂದದ್ದು ಇವತ್ತೇ.

ಮೇಘಶ್ರೀ ಬಯ್ಯಲಿಲ್ಲ. ಬದುವಿನ ಮೇಲೆ ಕೂತು, ಎಲ್ಲಾ ಹೋಯಿತು ಎಂದಷ್ಟೇ ಹೇಳಿ ಮಂಡಿಗೆ ಹಣೆ ಕೊಟ್ಟಳು. ಅಂಜಮ್ಮನಿಗೆ ಬಯ್ಯುವವರು ಗೊತ್ತು, ತಿರುಗಿ ಬಯ್ಯುವುದೂ ಗೊತ್ತು. ಹೀಗೆ ಸುಮ್ಮನೆ ಕೂತವರ ಹತ್ತಿರ ಏನು ಮಾಡಬೇಕೆಂದು ಗೊತ್ತಿಲ್ಲ. ಅವಳ ಸಿಟ್ಟೆಲ್ಲ ನೀರು ಚಿಮುಕಿಸಿದ ಹಾಲಿನಂತೆ ಇಳಿಯಿತು. ಪಕ್ಕಕ್ಕೆ ಬಂದು ಕೂತು, ಬಾಯಿಗೆ ಬಂದದ್ದು ಹೇಳಿ ಸಮಾಧಾನ ಮಾಡತೊಡಗಿದಳು.

"ಹೋಗ್ಲಿ ಬುಡವ್ವ. ಪೂರಾ ಎಲ್ಲಿ ಹಾಕ್ದೆ? ಮಡೀಗೆ ಒಂದೊಂದೇ ಮಂಕರಿ. ನಾಕು ಸಾಲ್ಗೇ ತೀರೋಯ್ತು."

ಮೇಘಶ್ರೀ ತಲೆ ಎತ್ತಿದಳು. "ಮೂರೂ ಮಡಿಗೂ ಒಂದೊಂದೇನಾ?"

"ಒಂದಕ್ಕೆ ಎಚ್ಚು ಒಂದಕ್ಕೆ ಕಮ್ಮಿ ಮಾಡಾಕಾಯ್ತದಾ? ಒಂದೇ ಮಂಕರಿ, ಒಂದೇ ಅಳತೆ. ಮೂಡ್ಲ ಕಡೆಯಿಂದ ಸುರು ಮಾಡಿ ನಾಕು, ನಾಕು, ನಾಕು."

ಹುಡುಗಿ ಎದ್ದು ನಿಂತು ಮಡಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಬಂದವಳೇ ಬದುವಿನ ಹತ್ತಿರದ ಸಾಲಿಗೆ ಕೈ ಹಾಕಿ, ಗಂಟು ಕಂಡ ಗಾಬರಿಯಲ್ಲಿ ಅವಳು ಬೇರು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಮೂಡಲ ನಾಲ್ಕು ಸಾಲು ಕಪ್ಪು ಹಸಿರು. ಪಡುವಲ ನಾಲ್ಕು ಸಾಲು ಮೊದಲಿನಂತೆಯೇ ಹಳದಿ. ನಡುವೆ ಗೆರೆ ಎಳೆದ ಹಾಗಿತ್ತು.

ಮಳೆ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಕೇಳಿದಳು. ಪಡುವಲಿಗೆ ಹರಿದಿದ್ದರೆ ಹಾಕಿದ ಮಣ್ಣಿನ ಜೀವ ಹಾಕದ ಸಾಲುಗಳಿಗೂ ಹೋಗಿರಬೇಕು. ಮೂಡಲಿಗೆ, ಇಳಿಜಾರು ಆ ಕಡೆಗಲ್ಲವೇ ಎಂದಳು ಅಂಜಮ್ಮ. ಕೊನೆಯ ಸಾಲಿನ ಗಿಡ ಅಗೆದರು: ಬೇರು ನಾರಿನಂತೆ ಬೆಳ್ಳಗೆ, ಒಂದೂ ಗಂಟಿಲ್ಲ. ಏಳನೆಯದರಲ್ಲಿ ಇಲ್ಲ. ಆರನೆಯದರಲ್ಲಿ ಇಲ್ಲ. ಐದನೆಯದರಲ್ಲಿ ಮಾತ್ರ ಎರಡು ಸಿಕ್ಕವು. ಉಳಿದೆರಡು ಮಡಿಗಳಲ್ಲೂ ಹಾಗೆಯೇ. ಮೇಘಶ್ರೀ ಮೂಡಲ ಸಾಲಿನ ಒಂದು ಗಂಟನ್ನು ಉಗುರಿನಿಂದ ಸೀಳಿದಳು. ಒಳಗೆ ದಾಳಿಂಬೆ ಕಾಳಿನಂತೆ ಕೆಂಪು.

"ಕೆಂಪಿದ್ರೆ ಕೆಲಸ ಮಾಡ್ತಿದೆ ಅಂತ ಅಕ್ಕಾ," ಎಂದವಳೇ ಕೆಸರುಗೈಯಲ್ಲೇ ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

ಅವಳ ಸಂಶೋಧನೆ ನೋಡಿಕೊಳ್ಳುವ ಪ್ರೊಫೆಸರ್ ಮೊದಲು ತಮಿಳಿನಲ್ಲಿ ಚೆನ್ನಾಗಿ ಬೈದರು. ಆ ಬೈಗುಳವೆಲ್ಲ ಅರ್ಥವಾದ ಅಂಜಮ್ಮ ಫೋನ್ ಕಸಿದುಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಮೇಘಶ್ರೀ ನಾಲ್ಕು ಸಾಲಿನ ವಿಷಯ ಹೇಳಿದಳು. ಮೂರರಲ್ಲೂ ಸಮವೇ ಎಂದು ಕೇಳಿದರು. ಐದನೆಯ ಸಾಲು ಬಿಟ್ಟುಬಿಡಿ ಎಂದರು. ಪುಡಿ ಹಾಕಿದ್ದು, ಮಣ್ಣು ಹಾಕಿದ್ದು, ಏನೂ ಹಾಕದ್ದು, ಮೂರನ್ನೂ ಬೇರೆ ಬೇರೆ ಎಣಿಸಿ. ಪುಡಿ ಸಿಗದ ರೈತರು ಮಣ್ಣು ತಾನೇ ತರಬೇಕು, ಅದೂ ಗೊತ್ತಾಗಲಿ ಎಂದರು. ನಾಲ್ಕೇ ಸಾಲಿಗೆ ಹಾಕುವ ಲೆಕ್ಕ ಯಾರದು ಎಂದು ಕೊನೆಗೆ ಕೇಳಿದರು.

"ಮಂಕ್ರೀದು," ಎಂದಳು ಅಂಜಮ್ಮ.

ಮೇಘಶ್ರೀ ನಕ್ಕಳು. ನಕ್ಕು ನಕ್ಕು ಬಗ್ಗಿ ಹೊಟ್ಟೆ ಹಿಡಿದುಕೊಂಡಳು. ಅವಳನ್ನು ನೋಡಿ ಅಂಜಮ್ಮನಿಗೂ ನಗು ಬಂದು, ನಗುತ್ತಲೇ ಅವಳ ಬೆನ್ನಿಗೊಂದು ಗುದ್ದಿದಳು. ಇನ್ನು ಮೇಲೆ ಕನಿಕರ ಬಂದರೆ ಮೊದಲು ತನಗೆ ಫೋನ್ ಮಾಡಬೇಕೆಂದು ಹುಡುಗಿ ಮಾತು ತೆಗೆದುಕೊಂಡಳು. ಅಂಜಮ್ಮ ಮಾತು ಕೊಟ್ಟಳು, ಅರ್ಧ ಮನಸ್ಸಿನಿಂದ.

ಮಧ್ಯಾಹ್ನವೆಲ್ಲ ಅಗೆದರು, ತೊಳೆದರು. ಒದ್ದೆ ಗೋಣಿಚೀಲದ ಮೇಲೆ ಬೇರುಗಳನ್ನು ಮೂರು ಸಾಲಾಗಿ ಹರಡಿ, ಎದುರು ಬದುರು ಕೂತು ಎಣಿಸತೊಡಗಿದರು. ಕಂಪನಿ ಬಸ್ಸಿಳಿದು ಬಂದ ರಾಮಯ್ಯ ರಸ್ತೆಯಿಂದಲೇ ಹೆಂಡತಿಯನ್ನು ಕೂಗಿದ. ಇನ್ನೊಮ್ಮೆ ಕೂಗಿದ. ಅಂಜಮ್ಮ ತಲೆ ಎತ್ತಲಿಲ್ಲ. ಅಲ್ಲೇ ನಿಲ್ಲು ಎನ್ನುವಂತೆ ಕೆಸರು ಹತ್ತಿದ ಎಡಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನಿಂದ ಬೇರಿನ ಗಂಟೊಂದನ್ನು ಮುಟ್ಟಿ, ತುಟಿ ಅಲ್ಲಾಡಿಸಿ, ಮುಂದಿನದಕ್ಕೆ ಹೋದಳು.